ಥಾರ್ಲಿ ಕೋರ್ಟಿನ ಪ್ರೇಮಪತ್ರಗಳು

ದೂರು ಬಂದದ್ದು ಆಸ್ಪತ್ರೆಯಿಂದ. 2004ನೇ ಇಸವಿ ಸೆಪ್ಟೆಂಬರ್ 16, ಗುರುವಾರ, ಮಧ್ಯಾಹ್ನ ಮೂರು ಗಂಟೆಯ ಸುಮಾರು. ಡೆವನ್ ಸೀಮೆಯ ಸ್ಟೋಕ್ ಬ್ರೆಂಡನ್ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಗ್ವೆನ್ ಹ್ಯಾನಫರ್ಡ್ ಕುರಿ ಕಳವಿನ ಕಡತವೊಂದನ್ನು ಮುಚ್ಚಿಟ್ಟು, ತಣ್ಣಗಾದ ಮಾಂಸದ ಕಡುಬಿನ ಕೊನೆಯ ತುಂಡನ್ನು ಬಾಯಿಗಿಡುತ್ತಿದ್ದಳು. ಕಾನ್‌ಸ್ಟೇಬಲ್ ಡೆರಿಕ್ ಲಸ್ಕಮ್ ಫೋನನ್ನು ಅಂಗೈಯಿಂದ ಮುಚ್ಚಿಕೊಂಡು ಅವಳ ಕಡೆ ತಿರುಗಿದ.

"ಮೇಡಂ, ಆಸ್ಪತ್ರೆ ಡಾಕ್ಟ್ರು. ಥಾರ್ಲಿ ಕೋರ್ಟ್ ಬಂಗಲೆಯಿಂದ ಒಬ್ಬರನ್ನ ತಂದಿದಾರಂತೆ. ವಿಷ ಅಂತಿದಾರೆ."

ಗ್ವೆನ್ ಬಾಯೊರೆಸಿಕೊಂಡು ಫೋನು ತೆಗೆದುಕೊಂಡಳು.

"ಹೆಸರು?"

"ಐಲೀನ್ ಬಾಸ್ಟಕ್. ವಯಸ್ಸು ಐವತ್ತು ದಾಟಿದೆ. ಲೀಡ್ಸ್ ಕಡೆ ಯೂನಿವರ್ಸಿಟೀಲಿ ಪಾಠ ಮಾಡೋರು. ಹದಿನೈದು ದಿನದಿಂದ ಆ ಬಂಗಲೇಲಿ ಇದ್ಕೊಂಡು ಹಳೇ ಕಾಗದಗಳನ್ನ ಓದ್ತಾ ಇದ್ರಂತೆ."

"ಬದುಕ್ತಾರಾ?"

"ಈಗ್ಲೇ ಹೇಳಕ್ಕಾಗಲ್ಲ. ಬಾಯಿ, ಗಂಟಲು ಮರಗಟ್ಟಿದೆ. ವಾಂತಿ ನಿಲ್ತಿಲ್ಲ, ಎದೆಬಡಿತ ಲಯ ತಪ್ಪಿದೆ. ವತ್ಸನಾಭಿ ಬೇರು ತಿಂದವರಿಗೆ ಹೀಗಾಗತ್ತೆ. ನೀಲಿ ಹೂವಿನ ಗಿಡ, ನಿಮ್ಮ ಕಡೆ ಹಳೇ ತೋಟಗಳಲ್ಲೆಲ್ಲ ಇರತ್ತಲ್ಲ, ಅದೇ."

"ತಾವಾಗೇ ತಿಂದಿರಬಹುದಾ?"

"ಸ್ಯಾಂಡ್‌ವಿಚ್ ಒಳಗಿತ್ತು ಅನ್ಸತ್ತೆ. ಒಂದೆರಡು ತುತ್ತು ತಿಂದೆ, ವಿಪರೀತ ಖಾರ ಇತ್ತು, ಮಿಕ್ಕಿದ್ದನ್ನ ನಾಯಿಗೆ ಹಾಕ್ದೆ ಅಂತ ಆಂಬುಲೆನ್ಸಲ್ಲಿ ಹೇಳಿದಾರೆ. ಇನ್ನೊಂದು ವಿಷಯ. ಆ ಬೇರನ್ನ ಬರಿಗೈಲಿ ತುರಿದವರ ಬೆರಳೂ ಸಂಜೆವರೆಗೆ ಜೋಮು ಹಿಡಿದಿರತ್ತೆ. ಬೇಗ ಹೋದ್ರೆ ಒಳ್ಳೇದು."

ದೂರು ದಾಖಲಾಯಿತು. ಹತ್ತು ನಿಮಿಷದಲ್ಲಿ ಇಬ್ಬರೂ ಕಾರಿನಲ್ಲಿದ್ದರು.

ಥಾರ್ಲಿ ಕೋರ್ಟ್ ಆ ಸೀಮೆಯಲ್ಲಿ ಗೊತ್ತಿಲ್ಲದ ಮನೆಯಲ್ಲ. ಕಾದಂಬರಿಕಾರ ಆಂಬ್ರೋಸ್ ವೇನ್ ಎಂಬತ್ತು ವರ್ಷದ ಹಿಂದೆ ಆರು ಬೇಸಿಗೆಗಳನ್ನು ಅಲ್ಲಿ ಅತಿಥಿಯಾಗಿ ಕಳೆದಿದ್ದ. ಮನೆಯೊಡೆಯನ ಮಗಳು ಲೆಟಿಸ್ ಟ್ರೆಮ್ಲೆಟ್‌ಗೆ ಅವನು ಬರೆದ ಪ್ರೇಮಪತ್ರಗಳನ್ನು ಪುಸ್ತಕವಾಗಿ ದೇಶವೆಲ್ಲ ಓದಿತ್ತು. ಮದುವೆಗೆ ಮುಂಚೆಯೇ ಅವನು ಪರದೇಶದಲ್ಲಿ ಜ್ವರ ಬಂದು ಸತ್ತ. ಲೆಟಿಸ್ ಮದುವೆಯಾಗದೆ ಮುದುಕಿಯಾಗಿ ಅದೇ ಮನೆಯಲ್ಲಿ ಕಣ್ಣುಮುಚ್ಚಿದಳು. ಈಗ ಆ ಮನೆಯಲ್ಲಿ ಬೇಸಿಗೆಯುದ್ದಕ್ಕೂ ಬೇರೆಯವರ ಮದುವೆಗಳು, ಬಾಡಿಗೆಗೆ. ಪ್ರತಿ ಮದುವೆಯಲ್ಲೂ ಒಂದು ಪತ್ರ ಗಟ್ಟಿಯಾಗಿ ಓದುತ್ತಾರೆ, ಹೆಂಗಸರು ಕರವಸ್ತ್ರ ತೆಗೆಯುತ್ತಾರೆ. ಗ್ವೆನ್‌ಳ ಮದುವೆಯ ಆಮಂತ್ರಣದಲ್ಲೂ ವೇನ್‌ನ ಒಂದು ಸಾಲಿತ್ತು. ಅವಳ ಅಕ್ಕ ಹುಡುಕಿ ಹಾಕಿಸಿದ್ದು.

ಮನೆಯ ಈಗಿನ ಒಡೆಯ ರೂಪರ್ಟ್ ಟ್ರೆಮ್ಲೆಟ್ ಮೆಟ್ಟಿಲ ಮೇಲೆಯೇ ಕಾದಿದ್ದ. ಅರುವತ್ತರ ಆಸುಪಾಸಿನ, ಕೆಂಪು ಕೆನ್ನೆಯ, ಯಾವಾಗಲೂ ನಗುವ ಮನುಷ್ಯ.

"ಇನ್‌ಸ್ಪೆಕ್ಟರ್ ಅವ್ರೇ, ಗಾಡೀನ ಹಿಂದ್ಗಡೆ ಲಾಯದ ಹತ್ರ ನಿಲ್ಸಕ್ಕಾಗತ್ತಾ? ಶನಿವಾರದ ಮದುಮಗಳು, ಅವರಮ್ಮ, ಈಗ ತಾನೇ ಜಾಗ ನೋಡ್ಕೊಂಡು ಹೋದ್ರು. ಇನ್ನೊಂದ್ಸಲ ಬಂದ್ರೂ ಬರಬಹುದು."

"ಡಾಕ್ಟರ್ ಬಾಸ್ಟಕ್ ಹೇಗಿದಾರೆ ಅಂತ ಕೇಳಲ್ವಾ?"

"ಕೇಳ್ಬೇಕು ಅಂತಾನೇ ಇದ್ದೆ. ಪಾಪ. ಹೊಟ್ಟೆಗೇನೋ ಆಗಿರಬೇಕು."

"ಅವರು ಕೂತಿದ್ದ ಕೋಣೆ ತೋರಿಸಿ."

ಕಾಗದಪತ್ರದ ಕೋಣೆ ಮೇಲಂತಸ್ತಿನಲ್ಲಿತ್ತು. ಬಾಗಿಲು ತೆಗೆದೊಡನೆ ವಾಂತಿಯ ಹುಳಿನಾತ, ಅದರ ಮೇಲೆ ಬ್ಲೀಚಿನ ಘಾಟು, ಅದರ ಮೇಲೆ ಯಾರೋ ಧಾರಾಳವಾಗಿ ಚಿಮುಕಿಸಿದ್ದ ಲ್ಯಾವೆಂಡರ್ ವಾಸನೆ. ಮೂರೂ ಸೇರಿ ಗಂಟಲಿಗೇ ಬಂದು ಕೂತವು. ಲಸ್ಕಮ್ ಕಿಟಕಿಗೆ ಕೈ ಹಾಕಿದ. ಗ್ವೆನ್ ತಡೆದಳು.

"ಯಾರು ತೊಳೆಸಿದ್ದು?"

"ನಾನೇ ಹೇಳ್ದೆ," ಎಂದ ರೂಪರ್ಟ್. "ಆ ಜಮಖಾನ ಇನ್ನೂರು ವರ್ಷದ್ದು. ಬಿಟ್ರೆ ಕಲೆ ಹೋಗಲ್ಲ."

"ಆಕೇನ ಆಂಬುಲೆನ್ಸಿಗೆ ಹತ್ತಿಸೋಕೆ ಮುಂಚೇನಾ, ಆಮೇಲಾ?"

ರೂಪರ್ಟ್ ನಗು ತುಟಿಯ ಮೇಲೇ ನಿಂತಿತು. "ಹೆಚ್ಚೂ ಕಮ್ಮಿ ಅದೇ ಹೊತ್ತಿಗೆ."

"ತಟ್ಟೆ?"

"ಅದನ್ನೂ ತೊಳೆದಿದಾರೆ."

ಗ್ವೆನ್ ಕೈಗವಸು ಹಾಕಿಕೊಂಡು ಮೇಜಿನ ಬಳಿ ಹೋದಳು. ಎರಡು ಕಟ್ಟುಗಳಿದ್ದವು. ಒಂದರಲ್ಲಿ ಲೆಟಿಸಳಿಗೆ ಬಂದ ಪತ್ರಗಳ ಮೂಲಪ್ರತಿ, ಹಳದಿಯಾಗಿದ್ದ ಕಾಗದ, ನೀಲಿ ರಿಬ್ಬನ್ನು. ಇನ್ನೊಂದು ಬಾಸ್ಟಕ್ ತಂದಿದ್ದ ನಕಲುಗಳ ಕಟ್ಟು. ಅವೂ ವೇನ್‌ನ ಕೈಬರಹವೇ, ಆದರೆ ಲಂಡನ್ನಿನ ಗೆಳೆಯನೊಬ್ಬನಿಗೆ ಬರೆದದ್ದು. ಬಾಸ್ಟಕ್ ಒಂದೇ ತಾರೀಖಿನ ಪತ್ರಗಳನ್ನು ಅಕ್ಕಪಕ್ಕ ಜೋಡಿಸಿಟ್ಟಿದ್ದಳು. ಎಡಗಡೆಯ ಮೊದಲ ಪತ್ರದಲ್ಲಿದ್ದ ಸಾಲು ಗ್ವೆನ್‌ಗೆ ಓದುವ ಮುಂಚೆಯೇ ಬಾಯಿಗೆ ಬಂತು: ನೀನಿಲ್ಲದ ಕೋಣೆಯಲ್ಲಿ ದೀಪ ಹಚ್ಚಲು ನನಗೆ ನಾಚಿಕೆಯಾಗುತ್ತದೆ. ಅವಳ ಆಮಂತ್ರಣದ ಸಾಲು ಅದೇ.

ಬಲಗಡೆಯದನ್ನು ಓದಿದಳು.

"ಇವತ್ತು ದೀಪದ ಸಾಲನ್ನು ತಿನ್ನಿಸಿದೆ. ಇದು ಅತಿಯಾಯಿತು, ಇದನ್ನು ಯಾವ ಹೆಣ್ಣೂ ನುಂಗುವುದಿಲ್ಲ ಎಂದು ನೀನು ಪಣ ಕಟ್ಟಿದ್ದೆಯಲ್ಲ, ಸೋತೆ. ಊಟದ ಹೊತ್ತಿಗೆ ಅವಳ ಕಣ್ಣು ಊದಿಕೊಂಡಿತ್ತು. ಒದ್ದೆ ನಾಯಿಯ ವಾಸನೆ, ಹೆಣ್ಣುಕುದುರೆಯ ಹಲ್ಲು, ಆದರೂ ಎಂಥ ನಂಬಿಕೆ. ಉತ್ತರ ಬಂದೊಡನೆ ಕಳಿಸುತ್ತೇನೆ, ಕ್ಲಬ್ಬಿನಲ್ಲಿ ನೀನೇ ಓದು, ನಿನ್ನ ದನಿ ಹೆಣ್ಣಿನ ಪಾತ್ರಕ್ಕೆ ಒಗ್ಗುತ್ತದೆ."

ಮುಂದಿನ ಹಾಳೆಯಲ್ಲಿ ಇನ್ನೂ ಹೊಲಸು ಇತ್ತು. ಲೆಟಿಸಳ ಮೈಯ ಬಗ್ಗೆ, ತೋಟದ ಮನೆಯಲ್ಲಿ ಅವಳು ಏನಕ್ಕೆ ಒಪ್ಪಿದಳು, ಏನಕ್ಕೆ ಅತ್ತಳು ಎಂಬುದರ ಬಗ್ಗೆ. ದನದ ಸಂತೆಯಲ್ಲಿ ಹಸುವಿನ ಬಾಯಿ ಬಿಡಿಸಿ ನೋಡುವವನು ಕೂಡ ಅದಕ್ಕಿಂತ ಮರ್ಯಾದೆಯಿಂದ ಮಾತಾಡುತ್ತಾನೆ. ಗ್ವೆನ್ ಹಾಳೆಯನ್ನು ಕೆಳಗಿಟ್ಟು ಕೈಗವಸು ಬದಲಾಯಿಸಿದಳು. ಅದರ ಅಗತ್ಯವೇನೂ ಇರಲಿಲ್ಲ.

"ಇದು ನಿಮಗೆ ಗೊತ್ತಿತ್ತಾ?" ಎಂದು ರೂಪರ್ಟ್‌ನನ್ನು ಕೇಳಿದಳು.

"ನಿನ್ನೆ ರಾತ್ರಿ ಊಟದ ಹೊತ್ತಲ್ಲಿ ಗೊತ್ತಾಯ್ತು. ಅವಳೇ ಓದಿ ಹೇಳಿದ್ಲು. ಒಂದಾದ ಮೇಲೊಂದು. ಚೆನ್ನಾಗಿ ಓದ್ತಾಳೆ, ಒಳ್ಳೇ ನಾಟಕದವಳ ಹಾಗೆ."

"ಊಟಕ್ಕೆ ಯಾರ್ಯಾರಿದ್ರಿ?"

"ನಾನು, ಅವಳು, ನಮ್ಮಕ್ಕ ಹಾನರ್. ಅಷ್ಟೇ."

"ನೀವೇನು ಮಾಡಿದ್ರಿ?"

"ನಕ್ವಿ. ಇನ್ನೇನ್ ಮಾಡೋದು? ಎಲ್ರೂ ಸತ್ತು ಯಾವ ಕಾಲ ಆಯ್ತು."

"ಡಾಕ್ಟರ್ ಬಾಸ್ಟಕ್ ಇದನ್ನೆಲ್ಲ ಪುಸ್ತಕ ಮಾಡಿದ್ರೆ ನಿಮ್ಮ ಮದುವೆಗಳ ಗತಿ?"

ರೂಪರ್ಟ್ ಜೇಬಿಗೆ ಕೈ ಹಾಕಿಕೊಂಡ. "ಮುಂದಿನ ಬೇಸಿಗೆ ಕಳೀಲಿ, ಆಮೇಲೆ ಅಚ್ಚು ಹಾಕ್ಸು ಅಂದೆ. ಆಗಲ್ಲ ಅಂದ್ಲು. ಅದಕ್ಕೆ ನಾನು ವಿಷ ಹಾಕಿದೆ ಅಂತೀರಾ? ಇದೊಳ್ಳೇ ಕತೆ. ನಾನು ಬೇರೇನೇ ಯೋಚನೆ ಮಾಡಿದ್ದೆ. ಆ ಕೊಳಕು ಪತ್ರಗಳನ್ನೂ ತೋರಿಸಿದ್ರೆ ಬೇರೆ ಥರದ ಜನ ಬರ್ತಾರೆ. ಟಿಕೆಟ್ಟು ಜಾಸ್ತಿ ಮಾಡಬಹುದು."

ಲಸ್ಕಮ್ ಬರೆದುಕೊಳ್ಳುತ್ತಿದ್ದವನು ತಲೆಯೆತ್ತಿ ಅವನನ್ನೊಮ್ಮೆ ನೋಡಿ ಮತ್ತೆ ಬಗ್ಗಿದ.

ಅಡುಗೆಮನೆಯಲ್ಲಿ ಮಿಸೆಸ್ ಟ್ಯಾಪರ್ ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದಳು. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಅಡುಗೆಯವಳು.

"ಸ್ಯಾಂಡ್‌ವಿಚ್ಚಲ್ಲಿ ಏನೇನಿತ್ತು?"

"ನಿನ್ನೆ ರೋಸ್ಟ್ ಮಾಡಿದ ದನದ ಮಾಂಸ, ಬೆಣ್ಣೆ. ಅಷ್ಟೇ ಕಣಮ್ಮಾ, ದೇವರಾಣೆ. ಆಯಮ್ಮ ಹಾರ್ಸ್‌ರ್ಯಾಡಿಶ್ ತುರಿ, ಅದೇ ಆ ಖಾರದ ಬಿಳಿ ಬೇರು, ಬೇಕು ಅಂತ ದಿನಾ ಕೇಳೋರು. ಸೋಮವಾರಾನೇ ಮುಗಿದೋಗಿದೆ, ಪೇಟೆಗೆ ಹೋದಾಗ ತರ್ತೀನಿ ಅಂದಿದ್ದೆ."

"ಹಾಗಾದ್ರೆ ಖಾರ ಎಲ್ಲಿಂದ ಬಂತು?"

"ಅದೇ ನನಗೂ ತಿಳೀತಿಲ್ಲ. ಹನ್ನೊಂದೂವರೆಗೆ ತಟ್ಟೆ ರೆಡಿ ಮಾಡಿ ಮೆಟ್ಟಿಲ ಕೆಳಗಿನ ಮೇಜಿನ ಮೇಲಿಟ್ಟೆ. ನನ್ನ ಮಂಡಿ ಮೆಟ್ಟಿಲು ಹತ್ತಲ್ಲ. ಯಾರಾದ್ರೂ ಮೇಲಕ್ಕೆ ಒಯ್ತಾರೆ."

"ಇವತ್ತು ಯಾರು ಒಯ್ದ್ರು?"

"ನೋಡಲಿಲ್ಲಮ್ಮ. ಸಾಹೇಬ್ರು ಆ ಕಡೆ ಈ ಕಡೆ ಓಡಾಡ್ತಿದ್ರು. ಹಾನರಮ್ಮನೂ ಹೂವು ಜೋಡಿಸ್ತಿದ್ರು."

"ನಾಯಿ ಎಲ್ಲಿ?"

ಮಿಸೆಸ್ ಟ್ಯಾಪರ್ ಮುಖ ಕಿವುಚಿಕೊಂಡಳು. "ಟಾಫಿನಾ? ಅದು ಹೋಯ್ತು. ಆಂಬುಲೆನ್ಸ್ ಹೋಗಿ ಸ್ವಲ್ಪ ಹೊತ್ತಿಗೇ. ಮೆಟ್ಟಿಲ ತಿರುವಲ್ಲಿ ಬಿದ್ದಿತ್ತು. ವಯಸ್ಸಾಗಿತ್ತು, ಎದೆ ನಿಂತೋಗಿದೆ ಅಂದ್ರು ಸಾಹೇಬ್ರು. ನಮ್ಮನೆಯವ್ರ ಕೈಲಿ ಹೂಳಿಸಿದ್ರು."

ಅವಳ ಗಂಡ ಪರ್ಸಿ ಟ್ಯಾಪರ್ ಅಲ್ಲಿನ ತೋಟಗಾರ. ಅವನು ಅವರನ್ನು ಕರೆದುಕೊಂಡು ಹೋದದ್ದು ತೋಟಕ್ಕಲ್ಲ, ಲಾಯದ ಹಿಂದಿನ ತಿಪ್ಪೆಗೆ.

"ಇಲ್ಲೇನಾ ಹೂಳಿದ್ದು?" ಎಂದ ಲಸ್ಕಮ್.

"ನಾನು ಸೇಬಿನ ಮರದ ಬುಡದಲ್ಲಿ ಗುಂಡಿ ತೆಗೀತೀನಿ ಅಂದೆ ಸಾರ್. ಮದುಮಗಳು ಬರೋ ಹೊತ್ತಾಯ್ತು, ಬೇಗ ತಳ್ಳು, ತಿಪ್ಪೇಲಿ ತಳ್ಳು ಅಂದ್ರು. ಹದಿಮೂರು ವರ್ಷ ಅವ್ರ ಕಾಲಡೀಲೇ ಮಲಗಿತ್ತು ಆ ಪ್ರಾಣಿ."

ಲಸ್ಕಮ್ ಕೋಟು ಕಳಚಿಟ್ಟು ಗುದ್ದಲಿ ಹಿಡಿದ. ಕುದುರೆ ಲದ್ದಿ, ಕೊಳೆತ ಸೊಪ್ಪು, ಕಳೆದ ಶನಿವಾರದ ಮದುವೆಯ ಎಂಜಲು, ಕ್ರೀಮು ಹುಳಿತ ಕೇಕು, ಬಾಡಿದ ಗುಲಾಬಿ ಹಾರ. ಎರಡನೇ ಏಟಿಗೆ ಬಿಸಿ ಹಬೆ ಎದ್ದಿತು. ಹಬೆಯ ಜೊತೆ ಬಿಳಿ ಹುಳುಗಳು. ಅವನು ಒಂದು ಸಲ ಪಕ್ಕಕ್ಕೆ ಹೋಗಿ ಓಕರಿಸಿ ಬಂದು, ಮತ್ತೆ ಅಗೆದ. ಕಂದು ಬಣ್ಣದ ಒಂದು ಕಿವಿ ಕಂಡಿತು. ಗ್ವೆನ್ ಮಂಡಿಯೂರಿ ಕೈಯಿಂದಲೇ ಮಿಕ್ಕ ಗೊಬ್ಬರ ಸರಿಸಿದಳು. ನಾಯಿಯ ದವಡೆ ಬಿಗಿದಿತ್ತು. ಹಲ್ಲುಸಂದಿಯಲ್ಲಿ ನೊರೆ, ಅಗಿದ ರೊಟ್ಟಿ, ಅದರಲ್ಲಿ ಸಿಕ್ಕಿಕೊಂಡ ಬಿಳಿ ತುರಿ. ಅವಳು ಚಿಮಟದಿಂದ ಅದನ್ನು ಬಿಡಿಸಿ ಸೀಸೆಗೆ ಹಾಕಿ ಮುಚ್ಚಳ ಬಿಗಿದಳು. ಟ್ಯಾಪರ್ ದಂಪತಿಯನ್ನೇ ಸಾಕ್ಷಿಗಳಾಗಿ ನಿಲ್ಲಿಸಿ ಲಸ್ಕಮ್ ಮಹಜರು ಬರೆದ. ಅವನ ಕೈಯಿಂದ ಆ ಕಾಗದಕ್ಕೂ ನಾತ ಹತ್ತಿತು.

"ವತ್ಸನಾಭಿ ಗಿಡ ಈ ತೋಟದಲ್ಲಿದೆಯಾ?"

"ಇದೆಯಲ್ಲ. ಗೋಡೆ ಪಕ್ಕ. ನಾವ್ಯಾರೂ ಬರಿಗೈಲಿ ಮುಟ್ಟಲ್ಲ," ಎಂದ ಪರ್ಸಿ.

ನೀಲಿ ಹೂಗೊಂಚಲುಗಳ ಸಾಲಿನಲ್ಲಿ ಒಂದು ಕಡೆ ಖಾಲಿಯಿತ್ತು. ಮಣ್ಣು ಹೊಸದಾಗಿ ಕೆದಕಿದ್ದು, ಮೇಲೆ ಅಚ್ಚುಕಟ್ಟಾಗಿ ತಟ್ಟಿ ಸಮ ಮಾಡಿದ್ದು.

"ಇದು ನಿನ್ನ ಕೆಲಸಾನಾ?"

"ಇಲ್ಲಮ್ಮ. ಬೆಳಿಗ್ಗೆ ನಾನು ಈ ಕಡೆ ಬಂದೇ ಇಲ್ಲ."

ಗೋಡೆಗೆ ಅಂಟಿಕೊಂಡಂತೆ ಹೂವಿನ ಕೋಣೆಯಿತ್ತು. ಮನೆಯ ಹೂದಾನಿಗಳನ್ನೆಲ್ಲ ಜೋಡಿಸುವ ಜಾಗ. ತೊಟ್ಟಿಯಲ್ಲಿ ಶನಿವಾರಕ್ಕೆಂದು ಬಿಳಿ ಗುಲಾಬಿಗಳು ನೆನೆಯುತ್ತಿದ್ದವು. ಗೂಟಗಳಿಗೆ ಕತ್ತರಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನೇತುಹಾಕಿತ್ತು. ಕೊನೆಯ ಗೂಟದಲ್ಲಿ ಕತ್ತರಿಯಲ್ಲ, ಜಾಯಿಕಾಯಿ ತುರಿಯುವ ಚಿಕ್ಕ ತುರಿಮಣೆ. ಅಡುಗೆಮನೆಯ ಸಾಮಾನು. ತೊಳೆದಿತ್ತು, ಆದರೆ ತೂತುಗಳ ಹಿಂಬದಿಯಲ್ಲಿ ಬಿಳಿ ನಾರು ಉಳಿದಿತ್ತು. ಗ್ವೆನ್ ಅದನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದಳು.

"ಇಲ್ಲಿಗೆ ಯಾರ್ಯಾರು ಬರ್ತಾರೆ?"

"ಹಾನರಮ್ಮ," ಎಂದ ಪರ್ಸಿ. ಸ್ವಲ್ಪ ತಡೆದು, "ಸಾಹೇಬ್ರೂ ಬರ್ತಾರೆ, ಬಾಟ್ಲಿ ಬಚ್ಚಿಡಕ್ಕೆ," ಎಂದು ಸೇರಿಸಿದ.

ಐದು ಗಂಟೆಗೆ ಬೈಠಕ್ಕಿನ ಕೋಣೆಯಲ್ಲಿ ಟೀ ಇಟ್ಟಿತ್ತು. ಮನೆಯಲ್ಲಿ ಏನೇ ಆಗಲಿ, ಐದಕ್ಕೆ ಟೀ. ರೂಪರ್ಟ್ ಆಗಲೇ ಎರಡನೇ ಕೇಕಿನ ತುಂಡಿನಲ್ಲಿದ್ದ. ಹಾನರ್ ಟ್ರೆಮ್ಲೆಟ್ ಎದ್ದು ನಿಂತು ಕೈಕುಲುಕದೆ ತಲೆಬಾಗಿದಳು. ಅರುವತ್ತೆಂಟರ ನೀಳ ಹೆಂಗಸು, ಬೂದು ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. ಮೂವತ್ತು ವರ್ಷದಿಂದ ಮದುವೆಗಳಲ್ಲಿ ವೇನ್‌ನ ಪತ್ರ ಓದುತ್ತಿದ್ದವಳು ಅವಳೇ.

"ಕೂತ್ಕೊಳ್ಳಿ ಇನ್‌ಸ್ಪೆಕ್ಟರ್. ನಿಮ್ಮ ಬಟ್ಟೆಯೆಲ್ಲ ಏನಾಗಿದೆ?"

"ನಿಮ್ಮ ತಿಪ್ಪೆ."

"ಟೀ ತಗೋಬೇಕು ನೀವು," ಎಂದು ಹಾನರ್ ಕುದಿಯುವ ಟೀಪಾಟು ಎತ್ತಿ ಬಗ್ಗಿಸಿದಳು.

ಮೊದಲ ಬಟ್ಟಲನ್ನು ರೂಪರ್ಟ್‌ಗೆ ಕೊಟ್ಟಳು. ಅವನು ಅದನ್ನು ಮುಟ್ಟಿ "ಅಬ್ಬಬ್ಬ" ಎಂದು ಮೇಜಿನ ಮೇಲಿಟ್ಟು ಬೆರಳು ಊದಿಕೊಂಡ. ಎರಡನೆಯದು ಗ್ವೆನ್‌ಗೆ. ಹಾನರ್ ಬಟ್ಟಲನ್ನು ತಟ್ಟೆಯಿಲ್ಲದೆ, ಬಟ್ಟಲಿನ ಮೈಯನ್ನೇ ಎಡಗೈಯ ಬೆರಳುಗಳಿಂದ ಹಿಡಿದು ತುಂಬುತ್ತಿದ್ದಳು. ಟೀ ಅಂಚು ಮೀರಿತು. ಅವಳ ಹೆಬ್ಬೆರಳ ಮೇಲೆ ಹರಿದು, ತೋರುಬೆರಳ ಮೇಲೆ ಹರಿದು, ಬಿಳಿ ಮೇಜುಬಟ್ಟೆಗೆ ಇಳಿಯಿತು. ಅವಳ ಕಣ್ಣು ಗ್ವೆನ್‌ಳ ಮೇಲಿತ್ತು. ಹವೆಯ ಬಗ್ಗೆ ಏನೋ ಹೇಳುತ್ತಿದ್ದಳು. ಮಾತು ತಡವರಿಸಲಿಲ್ಲ, ಕೈ ಹಿಂದೆ ಸರಿಯಲಿಲ್ಲ.

"ಹಾನರ್, ಬಟ್ಟೆ," ಎಂದ ರೂಪರ್ಟ್. ಕೈ ಎನ್ನಲಿಲ್ಲ.

ಗ್ವೆನ್ ಎದ್ದು ಅವಳಿಂದ ಟೀಪಾಟು ತೆಗೆದುಕೊಂಡು ಕೆಳಗಿಟ್ಟಳು. ಬೆರಳುಗಳು ಕೆಂಪಗೆ ಬೊಬ್ಬೆಯೇಳುತ್ತಿದ್ದವು.

"ಮಿಸ್ ಟ್ರೆಮ್ಲೆಟ್, ಒಂದು ನಿಮಿಷ ಕಣ್ಣು ಮುಚ್ಚಿ."

"ಯಾತಕ್ಕೆ?"

"ಮುಚ್ಚಿ."

ಹಾನರ್ ಮುಚ್ಚಿದಳು. ಗ್ವೆನ್ ತನ್ನ ಪೆನ್ನಿನ ಮೊನೆಯನ್ನು ಅವಳ ಎಡಗೈಯ ನಡುಬೆರಳ ತುದಿಗೆ ಒತ್ತಿದಳು, ಹಳ್ಳ ಬೀಳುವಷ್ಟು.

"ಏನು ಮುಟ್ಟಿದೆ?"

"ನೀವಿನ್ನೂ ಮುಟ್ಟಲಿಲ್ಲ."

ಹಾನರ್ ತಾನಾಗಿಯೇ ಕಣ್ಣು ತೆರೆದು ಪೆನ್ನನ್ನು ನೋಡಿದಳು, ಬೊಬ್ಬೆಗಳನ್ನು ನೋಡಿದಳು. ಆಮೇಲೆ ಕರವಸ್ತ್ರ ತೆಗೆದು ಮೇಜುಬಟ್ಟೆಯ ಕಲೆಯನ್ನು ಒತ್ತತೊಡಗಿದಳು.

"ತಟ್ಟೆ ಮೇಲಕ್ಕೆ ಒಯ್ದೋರು ನೀವೇನಾ?"

"ಹೌದು."

"ತುರಿ ಹಾಕಿದ್ದು?"

"ನಾನೇ. ಅವರು ಕೇಳ್ತಾನೇ ಇದ್ರಲ್ಲ."

"ಕೊಟ್ಟು ಬಂದ್ಬಿಟ್ರಾ?"

"ಇಲ್ಲ. ತಿನ್ನೋಕೆ ಶುರು ಮಾಡೋವರೆಗೆ ಕೂತಿದ್ದೆ. ಮಳೆ ಬರಬಹುದಾ ಅಂತ ಮಾತಾಡಿದ್ವಿ."

ಗ್ವೆನ್ ಪೆನ್ನನ್ನು ಜೇಬಿಗೆ ಹಾಕಿಕೊಂಡಳು. ಆಮೇಲೆ ಹೇಳಬೇಕಾದದ್ದನ್ನು ಹೇಳಿದಳು: ಐಲೀನ್ ಬಾಸ್ಟಕ್ ಅವರ ಕೊಲೆಗೆ ಯತ್ನಿಸಿದ ಆರೋಪದ ಮೇಲೆ ನಿಮ್ಮನ್ನು ಬಂಧಿಸುತ್ತಿದ್ದೇನೆ, ನೀವು ಏನನ್ನೂ ಹೇಳಲೇಬೇಕೆಂದಿಲ್ಲ, ಹೇಳಿದ್ದು ಸಾಕ್ಷ್ಯವಾಗಬಹುದು.

ರೂಪರ್ಟ್ ಎದ್ದು ನಿಂತಿದ್ದ. ಬಾಯಲ್ಲಿ ಇನ್ನೂ ಕೇಕು.

"ಹಾನರ್, ಶನಿವಾರ ಯಾರು ಓದೋದು?" ಎಂದ.

ಲಸ್ಕಮ್ ಅವನ ಮುಂದಿನಿಂದ ಹಾದು ಹೋಗುವಾಗ ತಿಪ್ಪೆಯ ಬೂಟನ್ನು ಜಮಖಾನದ ಮೇಲೆ ಬೇಕೆಂದೇ ಒತ್ತಿ ಇಟ್ಟ. ಗ್ವೆನ್ ನೋಡಿಯೂ ನೋಡದಂತಿದ್ದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ಬಾಸ್ಟಕ್ ಅಪಾಯದಿಂದ ಪಾರಾಗಿದ್ದಳು. ಪ್ರಯೋಗಾಲಯದವರೂ ನಾಯಿಯ ಬಾಯಿಯ ತುರಿ, ತುರಿಮಣೆಯ ನಾರು ಎರಡೂ ವತ್ಸನಾಭಿಯೇ ಎಂದು ತಿಳಿಸಿದರು. ಗ್ವೆನ್ ಹೇಳಿಕೆ ಪಡೆಯಲು ಹೋದಾಗ ಬಾಸ್ಟಕ್ ದಿಂಬಿಗೊರಗಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು, ತುಟಿ ಒಡೆದಿತ್ತು. ಕಣ್ಣು ಮಾತ್ರ ಚುರುಕಾಗಿತ್ತು.

"ಹಾನರಾ?" ಎಂದಳು. "ರೂಪರ್ಟ್ ಅಲ್ವಾ? ಆ ಮುದುಕಿ?"

"ಬುಧವಾರ ರಾತ್ರಿ ಊಟದ ಹೊತ್ತಲ್ಲಿ ಏನಾಯ್ತು?"

"ಪತ್ರ ಓದಿದೆ. ಅವರಿಗೆ ಗೊತ್ತಾಗ್ಬೇಕಿತ್ತಲ್ಲ. ಎಂಬತ್ತು ವರ್ಷದಿಂದ ಒಂದು ಸುಳ್ಳನ್ನ ಪೂಜೆ ಮಾಡ್ಕೊಂಡು ಬಂದಿದಾರೆ."

"ಒಬ್ಬರೇ ಇದ್ದಾಗ ಕೂರಿಸಿ ಹೇಳಬಹುದಿತ್ತು."

"ಹೇಳಬಹುದಿತ್ತು." ಬಾಸ್ಟಕ್ ದಿಂಬನ್ನು ಸರಿಪಡಿಸಿಕೊಂಡಳು. "ಮುಖ ಹೇಗಾಗತ್ತೆ ನೋಡೋಣ ಅನ್ನಿಸ್ತು. ನಿಜ ಹೇಳ್ಬೇಕು ಅಂದ್ರೆ, ಅದೇ."

"ಹೇಗಾಯ್ತು?"

"ಏನೂ ಆಗಲಿಲ್ಲ. ನಕ್ಕಳು. ಎಲ್ಲರಿಗಿಂತ ಜೋರಾಗಿ." ಅವಳು ನೀರು ಗುಟುಕರಿಸಿದಳು. ನುಂಗುವುದು ಇನ್ನೂ ಕಷ್ಟವಾಗುತ್ತಿತ್ತು. ಆಮೇಲೆ ಮುಂದಕ್ಕೆ ಬಾಗಿ, "ಇನ್‌ಸ್ಪೆಕ್ಟರ್, ಅವಳು ಜೈಲಲ್ಲಿ ನನ್ನ ಜೊತೆ ಮಾತಾಡಕ್ಕೆ ಒಪ್ತಾಳೆ ಅನ್ಸತ್ತಾ? ಯೋಚನೆ ಮಾಡಿ. ವೇನ್‌ನ ಪತ್ರ ಇವತ್ತಿಗೂ ವಿಷ ಕಾರ್ತಿದೆ. ಪುಸ್ತಕಕ್ಕೆ ಇದಕ್ಕಿಂತ ಒಳ್ಳೇ ಕೊನೇ ಅಧ್ಯಾಯ ಸಿಗಲ್ಲ."

ಗ್ವೆನ್ ಹೇಳಿಕೆಗೆ ಸಹಿ ಹಾಕಿಸಿಕೊಂಡು ಹೊರಗೆ ಬಂದಳು. ಹಜಾರದ ನಲ್ಲಿಯಲ್ಲಿ ಎರಡು ಸಲ ಸೋಪು ಹಾಕಿ ಕೈ ತೊಳೆದಳು.

ಮಧ್ಯಾಹ್ನ ಠಾಣೆಯ ವಿಚಾರಣಾ ಕೋಣೆಯಲ್ಲಿ ಹಾನರ್ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪಕ್ಕದಲ್ಲಿ ವಕೀಲ. ಏನೂ ಹೇಳಬೇಡಿ ಎಂದು ಅವನು ಎರಡು ಸಲ ಹೇಳಿದ. ಅವಳು ಎರಡು ಸಲವೂ ಥ್ಯಾಂಕ್ಸ್ ಹೇಳಿ ಗ್ವೆನ್ ಕಡೆ ತಿರುಗಿದಳು. ಬೆರಳುಗಳಿಗೆ ಪಟ್ಟಿ ಕಟ್ಟಿತ್ತು. ಜೋಮು ಇಳಿದು ನೋವು ಶುರುವಾಗಿರಬೇಕು, ಕೈಯನ್ನು ಮಡಿಲಲ್ಲಿ ಆತುಕೊಂಡಿದ್ದಳು.

"ಪತ್ರ ಹೊರಗೆ ಬರಬಾರದು ಅಂತ ಮಾಡಿದ್ರಾ?"

"ಬರೋದು ಬಂದೇ ಬರ್ತಿತ್ತು. ಅವರ ಹತ್ರ ನಕಲಿದೆ. ನಾನೇನು ದಡ್ಡಿಯಲ್ಲ."

"ಮತ್ಯಾಕೆ?"

"ಟಾಫಿಗೆ ಹಾಕ್ತಾರೆ ಅಂತ ಗೊತ್ತಿರಲಿಲ್ಲ. ಅದೊಂದಕ್ಕೆ ನನಗೆ ದುಃಖ ಇದೆ."

"ಡಾಕ್ಟರ್ ಬಾಸ್ಟಕ್ ಬಗ್ಗೆ ದುಃಖ ಇಲ್ವಾ?"

"ಇಲ್ಲ."

ಅದನ್ನು ಅವಳು ಹಠದಿಂದ ಹೇಳಲಿಲ್ಲ. ಸಕ್ಕರೆ ಬೇಡ ಎನ್ನುವಂತೆ ಹೇಳಿದಳು. ಗ್ವೆನ್‌ಗೆ ಆ ಹೆಂಗಸಿನ ಮೇಲೆ ಮೂಡಬಹುದಾಗಿದ್ದ ಮರುಕ ಅಲ್ಲೇ ಆರಿತು.

"ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಯಾಕೆ?"

ಹಾನರ್ ಗೋಡೆಯ ಕಡೆ ತಿರುಗಿ ಹೇಳತೊಡಗಿದಳು.

"ನನ್ನನ್ನ ಸಾಕಿದ್ದು ಲೆಟಿಸ್ ಅಜ್ಜಿ, ನಮ್ಮಜ್ಜನ ತಂಗಿ. ನನಗೆ ಓದು ಬಂದದ್ದೇ ಆ ಪತ್ರಗಳಿಂದ. ಇಪ್ಪತ್ತಾರನೇ ವಯಸ್ಸಲ್ಲಿ ಒಬ್ಬರು ನನ್ನನ್ನ ಮದುವೆಗೆ ಕೇಳಿದ್ರು. ವಾಲ್ಟರ್ ಪೆರಿಂಗ್ ಅಂತ, ದನದ ಡಾಕ್ಟ್ರು. ಮನೆಗೆ ಬರ್ತಿದ್ರು, ಕುದುರೆಗಳನ್ನ ನೋಡಕ್ಕೆ. ಎದುರಿಗೆ ಕೇಳೋ ಧೈರ್ಯ ಇರಲಿಲ್ಲ, ಕಾಗದ ಬರೆದ್ರು."

"ಏನಂತ?"

"ಕೆಳಗಿನ ಫಾರಮ್ಮಲ್ಲಿ ಹಸು ಅವಳಿ ಕರು ಹಾಕಿದೆ, ಎರಡೂ ಉಳಿದವು, ನೀವು ಬಂದು ನೋಡಿದ್ರೆ ನನಗೆ ಸಂತೋಷ ಆಗತ್ತೆ, ಇದೊಂದೇ ಅಲ್ಲ, ನಾನು ನೋಡೋದನ್ನೆಲ್ಲ ನೀವೂ ನೋಡಬೇಕು ಅನ್ಸತ್ತೆ. ಅಷ್ಟೇ. ಅರ್ಧ ಹಾಳೆ. ಅಷ್ಟರಲ್ಲಿ ಐದು ಕಡೆ ಕಾಗುಣಿತ ತಪ್ಪು."

"ನೀವೇನು ಬರೆದ್ರಿ?"

"ಅಜ್ಜಿಗೆ ಓದಿ ಹೇಳಿದೆ. ಅಜ್ಜಿ ನಕ್ಕಳು. ನಾನೂ ನಕ್ಕೆ. ಆಮೇಲೆ ಕೆಂಪು ಶಾಯೀಲಿ ತಪ್ಪುಗಳನ್ನ ತಿದ್ದಿ ಅದೇ ಹಾಳೇನ ವಾಪಸ್ ಕಳಿಸಿದೆ."

ವಕೀಲ ತನ್ನ ಬೂಟು ನೋಡಿಕೊಂಡ.

"ಬುಧವಾರ ಆ ಹೆಂಗಸು ಓದ್ತಾ ಇದ್ದಾಗ," ಎಂದಳು ಹಾನರ್, "ಕ್ಲಬ್ಬಲ್ಲಿ ಅಜ್ಜಿಯ ಕಾಗದಗಳನ್ನ ಓದಿ ಗಂಡಸರು ಹೇಗೆ ನಕ್ಕಿದ್ರು ಅಂತ ವೇನ್ ಪತ್ರದಲ್ಲಿತ್ತಲ್ಲ, ಅದನ್ನ ಓದ್ತಾ ಇದ್ದಾಗ ನನಗೂ ನಗು ಬಂತು. ನಿಲ್ಲಿಸಕ್ಕಾಗಲಿಲ್ಲ. ಅದು ನನ್ನ ನಗೂನೇ. ಆ ದಿನ ವಾಲ್ಟರ್ ಕಾಗದಕ್ಕೆ ನಕ್ಕೆನಲ್ಲ, ಅದೇ. ಇಷ್ಟು ವರ್ಷ ಆದ್ಮೇಲೆ ನನ್ನ ಬಾಯಿಂದ ಅದೇ ಸದ್ದು. ಆಕೆ ಓದೋದು ನಿಲ್ಲಿಸಿ ನನ್ನನ್ನೇ ನೋಡ್ತಾ ಕೂತ್ರು, ಎಷ್ಟು ಖುಷಿಯಿಂದ ನೋಡಿದ್ರು ಗೊತ್ತಾ. ರಾತ್ರಿಯೆಲ್ಲ ಆ ಮುಖ ಹೋಗ್ಲೇ ಇಲ್ಲ."

ಗ್ವೆನ್ ಕಡತ ಮುಚ್ಚಿದಳು. ವೇನ್, ಅವನ ಗೆಳೆಯ, ರೂಪರ್ಟ್, ಬಾಸ್ಟಕ್, ಎದುರಿಗೆ ಕೂತ ಈ ಹೆಂಗಸು, ಯಾರನ್ನು ನೆನೆದರೂ ಅವಳಿಗೆ ತಿಪ್ಪೆಯ ಹಬೆಯೇ ಮೂಗಿಗೆ ಬರುತ್ತಿತ್ತು. ಕುರಿ ಕಳ್ಳರೇ ವಾಸಿ ಎನ್ನಿಸಿತು. ಅವರು ಕದಿಯುವುದು ಮಾಂಸಕ್ಕಾಗಿ.

ಲಸ್ಕಮ್ ಹೇಳಿಕೆಯನ್ನು ಟೈಪು ಮಾಡಿ ತಂದು ಮೇಜಿನ ಮೇಲಿಟ್ಟ. ಹಾನರ್ ಕನ್ನಡಕ ಹಾಕಿಕೊಂಡು ಪಟ್ಟಿ ಕಟ್ಟಿದ ಬೆರಳುಗಳಲ್ಲಿ ಪೆನ್ನು ಹಿಡಿದು, ಒಂದೊಂದೇ ಸಾಲು ಓದುತ್ತಾ ಬಂದಳು. ಎರಡನೇ ಪುಟದ ನಡುವೆ ಪೆನ್ನು ನಿಂತಿತು. ಸ್ಯಾಂಡ್‌ವಿಚ್ ಎಂಬ ಪದದಲ್ಲಿ ಲಸ್ಕಮ್ ಒಂದಕ್ಷರ ತಪ್ಪಿದ್ದ. ಪೆನ್ನಿನ ಮೊನೆ ಆ ಅಕ್ಷರದ ಮೇಲೆ ಇಳಿಯಲು ಹೋಗಿ ಹಿಂದೆ ಸರಿಯಿತು. ಅವಳು ಲಸ್ಕಮ್‌ನನ್ನು ತಲೆಯೆತ್ತಿ ನೋಡಿದಳು. ಅವನು ಏನೂ ತಿಳಿಯದೆ ನಿಂತಿದ್ದ.

ತಪ್ಪನ್ನು ಹಾಗೆಯೇ ಬಿಟ್ಟು, ಪುಟ ತಿರುವಿ, ಕೆಳಗೆ ಸಹಿ ಹಾಕಿದಳು.